ವಾಲ್ವಿನ ಬುಡದ ಕರಿ ಕಲೆ

ಹವಾ ಕಣ್ಣಿಗೆ ಕಾಣುವುದಿಲ್ಲ. ಕಾಣದ ಸರಕನ್ನು ತುಂಬಿ ಹೊಟ್ಟೆ ಹೊರೆದವನು ನಾನು. ಹಾಗಾಗಿ ಯಾವುದನ್ನೂ ನಂಬದೆ ಇರುವುದನ್ನು ಮೊದಲು ಕಲಿತೆ, ನಟ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ಆಮೇಲೆ.

ಜಮಖಂಡಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲಿಗೆ ಗಾಜು ಅಂಟಿಸುವವರು ಕೂತಿದ್ದಾರೆ. ಮೊಣಕಾಲು ಮಡಚಲು ಬಾರದಂತಾಯಿತು, ಬಿಟ್ಟೆ. ನೆಲಕ್ಕೆ ಕೂರಲಾಗದವನಿಗೆ ಸ್ಕೂಟರಿನ ಗಾಲಿಯ ಕೆಲಸವಿಲ್ಲ. ಅಂಗಡಿ ಬಿಟ್ಟರೂ ಫೋನು ಬಿಡಲಿಲ್ಲ. ಮುಧೋಳ, ಬೀಳಗಿ, ಬನಹಟ್ಟಿ ಕಡೆಯ ಹೊಸ ಹುಡುಗರು ಕೇಳುತ್ತಲೇ ಇರುತ್ತಾರೆ, “ಕಾಕಾ, ಹಳೇ ಸ್ಕೂಟರಿಗೆ ಟ್ಯೂಬ್‌ಲೆಸ್ ವಾಲ್ವ್ ಕೂಡಸೂದು ಹೆಂಗ್ರಿ?” ಎಂದು. ಅಜ್ಜಂದಿರು ಮೂಲೆಗೆ ತಳ್ಳಿದ್ದ ಸ್ಕೂಟರುಗಳನ್ನು ಮೊಮ್ಮಕ್ಕಳು ಹೊರಗೆಳೆದು ಬಣ್ಣ ಹೊಡೆಸಿ ಮೆರೆಯುವ ಕಾಲ ಇದು. ಎಲ್ಲರಿಗೂ ಟ್ಯೂಬಿಲ್ಲದ ಟಾಯರು ಬೇಕು. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು, ಬರೆದೇ ಬಿಡುತ್ತೇನೆ. ಐದನೇ ಇಯತ್ತೆಗೆ ಸಾಲಿ ಬಿಟ್ಟವನ ಬರಹ ಇದು. ತಪ್ಪು ಹಿಡಿಯುವವರು ಮೊದಲು ಒಂದು ಗಾಲಿ ಬಿಚ್ಚಿ ಜೋಡಿಸಿ ತೋರಿಸಲಿ, ಆಮೇಲೆ ಹಿಡಿಯಲಿ.

ನನ್ನ ಉಸ್ತಾದರು ಮುಧೋಳದವರು. ಮೊದಲ ದಿನವೇ ಒಂದು ಗಾಲಿ ಕೈಗೆ ಕೊಟ್ಟು, “ಇದು ಸರಿ ಐತಿ, ಗಾಡಿಗೆ ಹಾಕು” ಎಂದರು. ಹಾಕಿದೆ. ಗಿರಾಕಿ ಓಣಿಯ ತಿರುವು ದಾಟುವ ಮೊದಲೇ ಹವಾ ಇಳಿದು ಗಾಲಿ ಕೂತಿತು. ಉಸ್ತಾದರು ನನ್ನ ಕಿವಿ ಹಿಡಿದು ಕೇಳಿದರು.

“ಸರಿ ಐತಿ ಅಂತ ಯಾರು ಹೇಳಿದ್ರು?”

“ನೀವ ಹೇಳಿದ್ರಿ, ಉಸ್ತಾದ್.”

“ನಾ ಹೇಳಿದ್ರ ನಂಬತಿ ಏನಲೇ? ಗಾಲಿನ ಕೇಳಬೇಕು. ಗಾಲಿ ಹೇಳಬೇಕು.”

ಗಾಲಿಯನ್ನು ಕೇಳುವ ರೀತಿಯನ್ನೂ ಅವರೇ ತೋರಿಸಿದರು. ತೋರುಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಒಂದು ತೆಳು ಪೊರೆ ಎಳೆಯಬೇಕು. ಹವಾ ಸೋರುತ್ತಿದ್ದರೆ ಗುಳ್ಳೆ ಏಳುತ್ತದೆ. ಏಳದಿದ್ದರೆ ಗಾಡಿ ಬಿಡಬಹುದು. ಸೋಪಿನ ನೀರು ಬಂತು, ಅಳತೆಯ ಗಡಿಯಾರ ಬಂತು, ಈಗ ಮಷಿನು ತಾನೇ ‘ಟುಂಯ್’ ಎಂದು ಕೂಗಿ ನಿಲ್ಲುತ್ತದೆ. ನಾನು ಎಲ್ಲವನ್ನೂ ಬಳಸಿದೆ, ಕೊನೆಗೆ ಎಂಜಲಿನ ಬೆರಳು ಮಾತ್ರ ಬಿಡಲಿಲ್ಲ. ಮಡಿಯ ಮಂದಿ ಮುಖ ಸಿಂಡರಿಸುತ್ತಿದ್ದರು. ಒಬ್ಬರು ಪೂಜಾರಿಗಳಂತೂ ನನ್ನೆದುರೇ ಗಾಡಿಗೆ ನೀರು ಸುರಿದುಕೊಂಡು ಹೋದರು. ಸುರಿದುಕೊಳ್ಳಲಿ. ಗಾಲಿ ಮಾತ್ರ ಕೂರಲಿಲ್ಲ.

ಹಳೆಯ ಸ್ಕೂಟರಿನ ಗಾಲಿ ಎರಡು ಹೋಳಿನದು. ಎರಡು ತಾಟುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಟ್ಟು ಬಿಗಿದಂತೆ ಇರುತ್ತದೆ. ಹೋಳುಗಳನ್ನು ಹಿಡಿದಿಡುವ ನಟ್ಟುಗಳು ಬೇರೆ, ಗಾಲಿಯನ್ನು ಬ್ರೇಕಿನ ಡ್ರಮ್ಮಿಗೆ ಹಿಡಿಯುವ ನಟ್ಟುಗಳು ಬೇರೆ. ನೋಡಲು ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಒಳಗೆ ಹವಾ ಇರುವಾಗ ತಪ್ಪು ನಟ್ಟಿಗೆ ಪಾನಾ ಹಾಕಿದರೆ ಏನಾಗುತ್ತದೆ ಎಂಬುದನ್ನು ಅನಗವಾಡಿಯ ಒಬ್ಬ ಗೌಡರು ಮಾಡಿ ತಿಳಿದುಕೊಂಡರು. ಒಂದು ದಿನ ಗೋಣಿಚೀಲ ಹೊತ್ತು ಬಂದು ನನ್ನ ಮುಂದೆ ಗಾಲಿಯ ಎರಡು ಹೋಳು ಸುರಿದರು.

“ಏನಾತ್ರಿ ಗೌಡ್ರ?”

“ಏನಾಗೂದು? ಗಾಲಿ ಬಿಚ್ಚಿದೆ. ಒಂದ ಹೋಳು ಕೊಟಗಿ ತಗಡ ಹರಕೊಂಡು ಮ್ಯಾಲ ಹೋತು. ಇನ್ನೊಂದು ನನ್ನ ಮಾರಿ ನೋಡಕೋತ ಅಲ್ಲೇ ಕುಂತಿತ್ತು.”

“ನಿಮಗೇನೂ ಪೆಟ್ಟಾಗಲಿಲ್ಲಲ್ರಿ?”

“ನನಗೇನೂ ಆಗಿಲ್ಲೋ. ಎಮ್ಮಿ ಹೆದರಿ ಹಾಲ ಕೊಡವಲ್ದು. ಅದಕ್ಕೇನರ ನಿನ್ನ ಕಡೆ ಸಾಮಾನು ಐತೇನ?”

ಅಂದಿನಿಂದ ಇದು ನನ್ನ ಅಂಗಡಿಯ ಮೊದಲ ಕಾಯಿದೆ ಆಯಿತು. ಗಾಲಿಯ ಹತ್ತಿರ ಕೂತ ಕೂಡಲೇ ವಾಲ್ವಿನ ಒಳಗಿನ ಸೂಜಿಯನ್ನು ಬಿಚ್ಚಿ ಕೈಗೆ ತೆಗೆದುಕೊಳ್ಳಬೇಕು. ಹವಾ ಪೂರಾ ಹೋಗಿದೆ ಎಂದು ಗಿರಾಕಿ ಮನೆದೇವರ ಆಣೆ ಮಾಡಿದರೂ ಸರಿ.

ಇನ್ನು ನೀವು ಕೇಳುವ ಟ್ಯೂಬ್‌ಲೆಸ್ ಮಾತು. ಹಳೆಯ ರಿಮ್ಮಿನಲ್ಲಿ ವಾಲ್ವಿಗೆಂದು ಇರುವ ತೂತು ಟ್ಯೂಬಿನ ವಾಲ್ವಿನದು. ಅದು ಉದ್ದುದ್ದ, ಸಡಿಲ. ಟ್ಯೂಬಿದ್ದಾಗ ಆ ತೂತು ಹವಾ ಹಿಡಿಯಬೇಕಿರಲಿಲ್ಲ, ವಾಲ್ವಿಗೆ ದಾರಿ ಬಿಟ್ಟರೆ ಸಾಕಿತ್ತು. ಟ್ಯೂಬಿಲ್ಲದಾಗ ಅದೇ ತೂತು ಬಾಗಿಲೂ ಹೌದು, ಬೀಗವೂ ಹೌದು. ಕೆಲವರು ಅದೇ ತೂತಿಗೆ ರಬ್ಬರ್ ವಾಲ್ವ್ ತುರುಕಿ, ಎರಡು ಹೋಳಿನ ಸಂದಿಗೆ ಅಂಟು ಮೆತ್ತಿ ಗಿರಾಕಿಯನ್ನು ಕಳಿಸುತ್ತಾರೆ. ಅಂಥ ಗಾಡಿ ನನ್ನ ಅಂಗಡಿಗೆ ಬಂದರೆ ನಾನು ಮುಟ್ಟುತ್ತಿರಲಿಲ್ಲ. ಒಂದೇ ಹೋಳಿನ ಹೊಸ ರಿಮ್ ತರಿಸಿರಿ, ಇಲ್ಲವೇ ಟ್ಯೂಬಿನಲ್ಲೇ ಓಡಿಸಿರಿ ಎನ್ನುತ್ತಿದ್ದೆ.

ಹೊಸ ರಿಮ್ಮನ್ನೂ ನಂಬಬೇಡಿ. ತೂತಿನ ಅಂಚನ್ನು ಒಳಗೂ ಹೊರಗೂ ಉಗುರಿನಿಂದ ಸವರಿ ನೋಡಿ. ಉಗುರು ಎಲ್ಲಿಯಾದರೂ ತಡೆದರೆ ಅರ ಹಿಡಿದು ಉಜ್ಜಿ, ಇಲ್ಲದಿದ್ದರೆ ಆ ಚೂಪು ರಬ್ಬರನ್ನು ದಿನಕ್ಕಿಷ್ಟು ಕೊಯ್ಯುತ್ತದೆ. ವಾಲ್ವಿನ ಕುತ್ತಿಗೆಯನ್ನು ಬಗ್ಗಿಸಿ ಬುಡದಲ್ಲಿ ಬಿರುಕು ಇದೆಯೇ ನೋಡಿ. ಪಾಕೀಟು ಹೊಸದಾದರೂ ಒಳಗಿನ ರಬ್ಬರು ಯಾವ ಗೋದಾಮಿನಲ್ಲಿ ಎಷ್ಟು ಬೇಸಿಗೆ ಕಳೆದಿದೆಯೋ. ಸೋಪಿನ ನೀರು ಹಚ್ಚಿ ಒಳಗಿನಿಂದ ಹೊರಕ್ಕೆ ನೇರವಾಗಿ ಎಳೆಯಿರಿ. ‘ಟಪ್’ ಎಂದು ಕೂತ ಸದ್ದು ಕೇಳಬೇಕು. ಕೇಳದಿದ್ದರೆ ಕೂತಿಲ್ಲ ಎಂದೇ ತಿಳಿಯಿರಿ. ಗಾಡಿಗೆ ಹಾಕಿದ ಮೇಲೆ ಗಾಲಿಯನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ವಾಲ್ವಿಗೂ ಡ್ರಮ್ಮಿಗೂ ನಡುವೆ ಸಂದಿ ಕಾಣಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಗಾಲಿ ಕೂರಬಹುದು. ಯಾಕೆ ಎಂದು ತಿಳಿಯಲು ರಬಕವಿಯ ಮಲ್ಲಪ್ಪಣ್ಣನ ಸ್ಕೂಟರಿನ ಕತೆ ಕೇಳಬೇಕು. ಹೆಸರುಗಳನ್ನು ಬದಲಿಸಿದ್ದೇನೆ. ರಬಕವಿಯಲ್ಲಿ ಹಳೆ ಸ್ಕೂಟರು ಹೊಡೆಯುವವರು ಬಹಳ ಇದ್ದಾರೆ, ಹುಡುಕುವ ಉಸಾಬರಿ ಬೇಡ.

ಮಲ್ಲಪ್ಪಣ್ಣ ನೇಕಾರ. ಮನೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ನೇಯ್ದ ಸೀರೆಗಳನ್ನು ಗಂಟು ಕಟ್ಟಿ, ಸ್ಕೂಟರಿನ ಮುಂದಿನ ಹಲಗೆಯ ಮೇಲಿಟ್ಟುಕೊಂಡು ಜಮಖಂಡಿ, ಮುಧೋಳದ ಅಂಗಡಿಗಳಿಗೆ ತಾನೇ ಒಯ್ಯುತ್ತಿದ್ದ. ಚಿಕ್ಕಂದಿನಲ್ಲೇ ಅವನ ಎಡಗಾಲು ಸೋತಿತ್ತು. ಮೋಟರ್‌ಸೈಕಲ್ಲಿನ ಗೇರು ಎಡಗಾಲಿಗೆ, ಹಳೆ ಸ್ಕೂಟರಿನ ಗೇರು ಎಡಗೈಗೆ. ಹಾಗಾಗಿ ಹರೆಯದಲ್ಲಿ ಅವನಿಗೆ ದಕ್ಕಿದ ಗಾಡಿ ಅದೊಂದೇ. ನಡೆಯುವಾಗ ಊರೆಲ್ಲ ಅವನನ್ನು ದಾಟಿ ಹೋಗುತ್ತಿತ್ತು. ಸ್ಕೂಟರಿನ ಮೇಲೆ ಅವನು ಊರನ್ನು ದಾಟಿ ಹೋಗುತ್ತಿದ್ದ. ಆದರೆ ದಾರಿಯಲ್ಲಿ ಪಂಕ್ಚರ್ ಆದರೆ ಗಾಡಿ ವಾಲಿಸಿ ಗಾಲಿ ಬಿಚ್ಚುವ ಬಲ ಆ ಕಾಲಿಗೆ ಇರಲಿಲ್ಲ. ಟ್ಯೂಬಿಲ್ಲದ ಗಾಲಿಯಾದರೆ ಮೊಳೆ ಹೊಕ್ಕರೂ ಹವಾ ನಿಧಾನ ಇಳಿಯುತ್ತದೆ, ಮನೆ ಮುಟ್ಟಬಹುದು. ಅದಕ್ಕೇ ನನ್ನ ಹತ್ತಿರ ಬಂದ.

ಎರಡೂ ಗಾಲಿಗೆ ಹೊಸ ರಿಮ್ ತರಿಸಿ, ಮೇಲೆ ಹೇಳಿದ ಎಲ್ಲವನ್ನೂ ಮಾಡಿ ವಾಲ್ವ್ ಕೂಡಿಸಿದೆ. ಅಷ್ಟು ಚೊಕ್ಕ ಕೆಲಸ ನಾನು ಮತ್ತೆ ಮಾಡಿಲ್ಲ. ನಾನೇ ಸ್ಕೂಟರು ಹೊಡೆದುಕೊಂಡು ರಬಕವಿಗೆ ಹೋಗಿ ಮುಟ್ಟಿಸಿದೆ. ಮಲ್ಲಪ್ಪಣ್ಣನ ಹೆಂಡತಿ ಗೌರವ್ವ ವೈನಿ ಬಾಗಿಲಲ್ಲಿ ನಿಂತಿದ್ದರು. ಹೊಸ ಗಾಲಿ ಬಿಸಿಲಿಗೆ ಮಿಂಚುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ವೈನಿ, ಇಂಥಾ ಗಾಡಿ ಜಮಖಂಡ್ಯಾಗಿಲ್ಲ, ಮುಧೋಳದಾಗಿಲ್ಲ ನೋಡ್ರಿ. ಈ ಹಿಂದಿನ ಗಾಲಿ ನೋಡಕೋತ ನಿಂತ್ರ ಊಟಾ ಬ್ಯಾಡ ಅನಸ್ತೈತಿ.”

ವೈನಿ ಗಾಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಸೆರಗು ಹೊದ್ದು ಒಳಗೆ ಹೋದರು. ಚಹಾ ತರಲು ಹೋದರು ಎಂದುಕೊಂಡು ಕಟ್ಟೆಯ ಮೇಲೆ ಕೂತೆ. ಮಗ್ಗದ ಸದ್ದು ಕೇಳುತ್ತ ಬಹಳ ಹೊತ್ತು ಕೂತೆ. ಚಹಾ ಬರಲಿಲ್ಲ.

ಮುಂದಿನ ಅಮಾವಾಸ್ಯೆ ಹತ್ತಿರ ಬಂದಾಗ ಮಲ್ಲಪ್ಪಣ್ಣನ ಫೋನು ಬಂತು.

“ನಿಂಗಪ್ಪಾ, ನಿನ್ನ ಗಾಲಿ ಕುಂತೇತಿ.”

“ನನ್ನ ಗಾಲಿ ಕೂರಂಗಿಲ್ಲ.”

“ಹಂಗಾರ ನನ್ನ ಗಾಲಿ ಕುಂತೇತಿ ಅನಕೋ. ಹೆಂಗೂ ಕುಂತೇತಿ, ಬಾ.”

ಹಿಂದಿನ ಗಾಲಿ. ತಂದು ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಟಾಯರಿನಲ್ಲಿ ಮೊಳೆಯಿಲ್ಲ. ವಾಲ್ವಿನ ಬುಡದಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ತೆಗೆದು ನೋಡಿದರೆ ರಬ್ಬರು ನೆನೆಸಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿತ್ತು. ಸುತ್ತ ಒಂದು ಕರಿ ಕಲೆ, ಎಣ್ಣೆಯೂ ಅಲ್ಲ, ಡಾಂಬರೂ ಅಲ್ಲ. ಪೆಟ್ರೋಲು ಹಚ್ಚಿ ಒರೆಸಿದರೂ ಪೂರ್ತಿ ಹೋಗಲಿಲ್ಲ. ವಾಲ್ವಿನ ಕುತ್ತಿಗೆಗೆ ಒಂದು ಕರಿ ದಾರದ ತುಂಡು ಸಿಕ್ಕಿಕೊಂಡಿತ್ತು, ಕಿತ್ತೆಸೆದೆ. ನೇಕಾರರ ಮನೆಯಲ್ಲಿ ಎಳೆ ಅಂಟದ ಸಾಮಾನು ಯಾವುದಿದೆ?

ಮೊದಲ ಸಂಶಯ ವಾಲ್ವಿನ ಮೇಲೆ. ಆ ಪಾಕೀಟಿನಲ್ಲಿ ಉಳಿದವನ್ನೆಲ್ಲ ತಿಪ್ಪೆಗೆಸೆದೆ, ಬೇರೆ ಕಡೆಯಿಂದ ತರಿಸಿ ಹಾಕಿದೆ. ಸಂಜೆಗೆ ನನ್ನ ಹೆಬ್ಬೆರಳು, ತೋರುಬೆರಳು ತುರಿಸತೊಡಗಿದವು. ಮರುದಿನ ಬೊಕ್ಕೆ ಎದ್ದವು. ಪೆಟ್ರೋಲಿನ ಉರಿ ಎಂದುಕೊಂಡೆ. ಆದರೆ ಜೀವನವೆಲ್ಲ ಪೆಟ್ರೋಲಿನಲ್ಲಿ ಕೈ ತೊಳೆದವನಿಗೆ ಅಂದೇ ಯಾಕೆ ಬೊಕ್ಕೆ? ಆ ಪ್ರಶ್ನೆ ತಲೆಯಲ್ಲಿ ಉಳಿಯಿತು.

ಮತ್ತೊಂದು ಅಮಾವಾಸ್ಯೆ ಬರುವುದರೊಳಗೆ ಮತ್ತೆ ಕೂತಿತು. ಅದೇ ಗಾಲಿ, ಅದೇ ಉಬ್ಬಿದ ರಬ್ಬರು, ಕಲೆ ಮಾತ್ರ ಮೊದಲಿಗಿಂತ ದೊಡ್ಡದು. ಮತ್ತೆ ಬೊಕ್ಕೆ. ಎರಡು ಊರಿನ ವಾಲ್ವುಗಳು ಒಂದೇ ರೀತಿ ಸಾಯುವುದಿಲ್ಲ. ಯಾರೋ ಏನೋ ಹಚ್ಚುತ್ತಿದ್ದಾರೆ. ರಬ್ಬರನ್ನೂ ತಿನ್ನುವ, ಚರ್ಮವನ್ನೂ ಸುಡುವ ವಸ್ತು ಯಾವುದು? ಆಸಿಡ್.

ಆಸಿಡ್ ಯಾರ ಹತ್ತಿರ ಇದೆ ಎಂಬುದಕ್ಕೆ ದೂರ ಹೋಗಬೇಕಿರಲಿಲ್ಲ. ಮಲ್ಲಪ್ಪಣ್ಣನ ಮಗ ಈರಣ್ಣ ಬನಹಟ್ಟಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ. ಅಪ್ಪ ಸ್ಕೂಟರು ಹೊಡೆಯುವುದು ಅವನಿಗೆ ಬೇಡವಾಗಿತ್ತು. ಎರಡನೇ ಸಲ ಗಾಲಿ ಕೂತಾಗ ನನ್ನೆದುರೇ ಅಪ್ಪನಿಗೆ ಹೇಳಿದ್ದ, “ಇನ್ನೊಮ್ಮೆ ಕುಂತಿತು ಅಂದ್ರ ಕೀಲಿ ನನ್ನ ಕಡೆ. ಎಲ್ಲಿ ಬೇಕಲ್ಲಿ ನಾ ಕರಕೊಂಡ ಹೋಗ್ತೇನಿ.”

ಮಲ್ಲಪ್ಪಣ್ಣ ನಕ್ಕಿದ್ದ. “ನಿನ್ನ ಬೆನ್ನಿಗೆ ಗಂಟಿನಂಗ ಕುಂತು ವ್ಯಾಪಾರಕ್ಕ ಹೋಗಲೇನ? ಸೀರಿ ಕೊಳ್ಳಾವ್ರು ಯಾವ ಗಂಟು ಬಿಚ್ಚಲಿ ಅಂತ ಕೇಳ್ತಾರ.” ನಕ್ಕರೂ ಆ ಹೊತ್ತು ಅವನ ಕೈ ಜೇಬಿನಲ್ಲಿದ್ದ ಕೀಲಿಯ ಮೇಲಿತ್ತು.

ಮೂರನೆಯ ಸಲ ಮನೆಯಲ್ಲಿ ಕೂರಲಿಲ್ಲ, ದಾರಿಯಲ್ಲಿ ಕೂತಿತು. ಕಬ್ಬಿನ ಹಂಗಾಮು. ಎರಡೆರಡು ಗಾಡಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಜಮಖಂಡಿ ರಸ್ತೆ ತುಂಬ. ಹಿಂದಿನ ಗಾಲಿ ಮೆತ್ತಗಾಗಿ ಸ್ಕೂಟರು ಬಾಲ ಅಲ್ಲಾಡಿಸಿತು. ಹೊರಚಾಚಿದ ಕಬ್ಬು ಮಲ್ಲಪ್ಪಣ್ಣನ ಭುಜ ಸವರಿಕೊಂಡು ಹೋಯಿತು. ಹೇಗೋ ಮಗ್ಗುಲಿಗೆ ಎಳೆದುಕೊಂಡು, ಸೀರೆ ಗಂಟಿನ ಮೇಲೆ ಕೂತು ಮಗನಿಗೆ ಫೋನು ಮಾಡಿದ. ಸ್ಕೂಟರು ಗೂಡ್ಸ್ ಆಟೋದಲ್ಲಿ ಮನೆಗೆ ಹೋಯಿತು. ಕೀಲಿ ಈರಣ್ಣನ ಜೇಬಿಗೆ ಹೋಯಿತು.

ಮರುದಿನ ಈರಣ್ಣನೇ ಗಾಲಿ ಹೊತ್ತು ನನ್ನ ಅಂಗಡಿಗೆ ಬಂದ. ನಾನು ಬೊಕ್ಕೆ ಮಾಯದ ಕೈ ಅವನ ಮುಂದೆ ಹಿಡಿದೆ.

“ಈರಣ್ಣಾ, ಇದು ಯಾತರ ಸುಟ್ಟದ್ದು ಹೇಳು. ನೀ ಬ್ಯಾಟರಿ ಮಂದಿ, ನಿನಗ ಗೊತ್ತಿರಬೇಕು.”

ಅವನು ಕೈ ನೋಡಿದ, ಗಾಲಿ ನೋಡಿದ, ಆಮೇಲೆ ನನ್ನ ಮುಖ ನೋಡಿದ. “ಆಸಿಡ್ ಹಾಕೇನಿ ಅಂತೀರೇನ್ರಿ ಕಾಕಾ?”

“ನಾ ಯಾರ ಹೆಸರೂ ತಗೊಂಡಿಲ್ಲ.”

“ತಗೊಳೂದ ಏನ್ ಉಳಿಸೀರಿ?” ಅವನು ಎದುರಿನ ಕಿರಾಣಿ ಅಂಗಡಿಗೆ ಹೋಗಿ ತಿನ್ನುವ ಸೋಡಾ ತಂದ. ನೀರಿನಲ್ಲಿ ಕಲಸಿ ಕರಿ ಕಲೆಯ ಮೇಲೆ ಸುರಿದ. “ಆಸಿಡ್ ಆಗಿದ್ರ ನೊರಿ ಏಳಬೇಕು. ನೋಡ್ರಿ, ಛಲೋತ್ನ್ಯಾಗಿ ನೋಡ್ರಿ.”

ನೊರೆ ಏಳಲಿಲ್ಲ. ನಾನು ಬಗ್ಗಿ ಮತ್ತೊಮ್ಮೆ ನೋಡಿದೆ. ಸೋಡಾ ಸುಮ್ಮನೆ ಕೂತಿತ್ತು. ಆಮೇಲೆ ಸೋಡಾವನ್ನೂ ಸಂಶಯಪಟ್ಟು ನನ್ನ ಅಂಗಡಿಯ ಹಳೆ ಬ್ಯಾಟರಿಯ ನೆತ್ತಿಗೆ ಸ್ವಲ್ಪ ಹಾಕಿದೆ. ಅಲ್ಲಿ ಭುಸ್ ಎಂದಿತು.

“ಆತಲ್ರಿ?” ಎಂದ ಈರಣ್ಣ. ಸಿಟ್ಟು ಇಳಿದಿತ್ತು, ದನಿ ಸಣ್ಣಗಾಗಿತ್ತು. “ಅಪ್ಪನ ಗಾಡಿ ಕಸಗೊಂಡು ನನಗೇನ್ ಸಿಗತೈತ್ರಿ ಕಾಕಾ? ಮೊನ್ನೆ ಆ ಟ್ರ್ಯಾಕ್ಟರ್ ಒಂದ್ ಗೇಣು ಈಕಡೆ ಬಂದಿತ್ತಂದ್ರ? ನೆನಸಿಕೊಂಡ್ರ ಊಟಾ ಸೇರವಲ್ದು. ನಿಮಗ ಕಾರಣ ಸಿಕ್ರ ಕೀಲಿ ಕೊಡ್ತೇನಿ. ಸಿಗಲಿಲ್ಲಂದ್ರ ಗಾಡಿ ಮುಧೋಳದವರೊಬ್ರು ಕೇಳ್ಯಾರ, ಕೊಟ್ಟಬಿಡ್ತೇನಿ.”

ಹುಡುಗನ ಕಣ್ಣಲ್ಲಿ ಕಳ್ಳತನ ಇರಲಿಲ್ಲ. ನನ್ನ ಸಂಶಯಕ್ಕೆ ಮನೆಯಿಲ್ಲದಂತಾಯಿತು. ವಾಲ್ವ್ ಅಲ್ಲ, ರಿಮ್ ಅಲ್ಲ, ಆಸಿಡ್ ಅಲ್ಲ. ಗಾಲಿ ನನ್ನ ಅಂಗಡಿಯಲ್ಲಿ ಇರುವಷ್ಟು ದಿನ ಸೋರುವುದಿಲ್ಲ, ಆ ಮನೆಯಲ್ಲಿ ಸೋರುತ್ತದೆ. ಹಾಗಾದರೆ ಆ ಮನೆಯನ್ನೇ ಕೇಳಬೇಕು. ಗಾಲಿಗೆ ವಾಲ್ವ್ ಕೂಡಿಸದೆ, ರಿಮ್ಮು, ಟಾಯರು, ಎರಡು ಬಗೆಯ ವಾಲ್ವು, ಪಂಪು ಎಲ್ಲ ಚೀಲಕ್ಕೆ ಹಾಕಿಕೊಂಡು ರಬಕವಿಯ ಬಸ್ಸು ಹತ್ತಿದೆ.

ಮಲ್ಲಪ್ಪಣ್ಣ ಶೆಡ್ಡಿನೊಳಗೆ ಮಗ್ಗದ ಮುಂದಿದ್ದ. ಗಾಲಿಯಿಲ್ಲದ ಸ್ಕೂಟರು ಅಂಗಳದಲ್ಲಿ ಇಟ್ಟಿಗೆಯ ಮೇಲೆ ಕೂತಿತ್ತು. ವೈನಿ ನೀರು ತಂದುಕೊಟ್ಟರು. ಲೋಟ ತೆಗೆದುಕೊಳ್ಳುವಾಗ ಅವರ ಬೆರಳು ಕಂಡವು. ಹೆಬ್ಬೆರಳು, ತೋರುಬೆರಳು. ತುದಿ ಕಪ್ಪಾಗಿ, ಚರ್ಮ ಸುಲಿದು, ಪಕ್ಕದಲ್ಲಿ ಹೊಸ ಬೊಕ್ಕೆ.

“ವೈನಿ, ಕೈಗೇನಾತ್ರಿ?”

“ಏನಿಲ್ಲ. ಬಿಸಿ ತಾಗೇತಿ.”

ನಾನು ನನ್ನ ಕೈ ಚಾಚಿದೆ. “ನನಗೂ ಅದ ಬಿಸಿ ತಾಗೇತ್ರಿ.”

ಎರಡು ಕೈ ಅಕ್ಕಪಕ್ಕ. ಒಂದೇ ಒಲೆಯಲ್ಲಿ ಸುಟ್ಟ ಎರಡು ರೊಟ್ಟಿಯ ಹಾಗೆ. ವೈನಿ ಶೆಡ್ಡಿನ ಬಾಗಿಲ ಕಡೆ ನೋಡಿದರು. ಒಳಗೆ ಮಗ್ಗ ಕಟಕಟ ಎನ್ನುತ್ತಿತ್ತು, ಮಾತು ಕೇಳಿಸುವಂತಿರಲಿಲ್ಲ.

“ಕ್ಯಾರಬೀಜರಿ,” ಎಂದರು.

ಕೇರುಬೀಜ ಗೊತ್ತಿಲ್ಲದ ಹುಡುಗರಿಗೆ ಹೇಳುತ್ತೇನೆ. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದ ಕಪ್ಪು ಬೀಜ ಅದು. ಚುಚ್ಚಿದರೆ ಒಳಗಿನಿಂದ ಕರಿ ಎಣ್ಣೆ ಬರುತ್ತದೆ, ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ನಮ್ಮ ಕಡೆ ಅಮಾವಾಸ್ಯೆಗೆ ನಿಂಬೆಹಣ್ಣು, ಮೆಣಸಿನಕಾಯಿ ಜೊತೆ ಪೋಣಿಸಿ ಅಂಗಡಿಗೆ, ಗಾಡಿಗೆ ಕಟ್ಟುತ್ತಾರೆ, ಕೆಟ್ಟ ಕಣ್ಣು ತಾಗದಿರಲಿ ಎಂದು. ಇಷ್ಟು ನನಗೂ ಗೊತ್ತಿತ್ತು. ಆದರೆ ಗಾಡಿಗೆ ಕಟ್ಟುವುದು ಮುಂದೆ, ಎಲ್ಲರಿಗೂ ಕಾಣುವ ಹಾಗೆ. ಗಾಲಿಯೊಳಗೆ ಯಾರು ಕಟ್ಟುತ್ತಾರೆ?

“ಇವರಿಗೆ ಇಂಥಾದ್ದು ಆಗಿಬರಂಗಿಲ್ಲ,” ಎಂದರು ವೈನಿ ಮಗ್ಗದ ಕಡೆ ತಲೆಯಾಡಿಸಿ. “ಕಂಡ್ರ ಹರದ ಒಗೀತಾರ. ಅದಕ್ಕ ಒಳಗ ಕಟ್ಟಿದೆ. ಗಾಲಿಗೆ ಕಟ್ಟಾಕ ಬ್ಯಾರೆ ಜಾಗಾನ ಇಲ್ಲ. ಆ ಹವಾದ ಕೊಳವಿ ಒಂದ ಕೈಗೆ ಸಿಗತಿತ್ತು.”

ಸೂಜಿಯಿಂದ ಚುಚ್ಚಿ ಕರಿ ದಾರಕ್ಕೆ ಪೋಣಿಸಿದ ಬೀಜ. ಚುಚ್ಚಿದ ತೂತಿನಿಂದ ಎಣ್ಣೆ. ಪಕ್ಕದಲ್ಲೇ ಬ್ರೇಕಿನ ಡ್ರಮ್ಮಿನ ಕಾವು. ಗಾಲಿ ತಿರುಗಿದಷ್ಟೂ ಬೀಜ ಹೊರಕ್ಕೆ ಒತ್ತಿ ವಾಲ್ವಿನ ಬುಡಕ್ಕೇ ಕೂತಿತ್ತು. ರಬ್ಬರು ಕುಡಿದು ಕುಡಿದು ಉಬ್ಬಿತ್ತು. ನನ್ನ ಕಣ್ಣ ಮುಂದೆ ಎಲ್ಲವೂ ತೊಟ್ಟಿಯ ಗುಳ್ಳೆಯಂತೆ ಒಂದೊಂದಾಗಿ ಎದ್ದಿತು.

“ಗಾಲಿ ಕುಂತಾಗ ಅದು ಕಾಣಲಿಲ್ಲಲ್ರಿ ನನಗ?”

“ಕುಂತ ಕೂಡ್ಲೆ ಬಿಚ್ಚಿ ಮೂರ ದಾರಿ ಕೂಡೂದ್ರಾಗ ಒಗದ ಬರ್ತಿದ್ದೆ. ದೃಷ್ಟಿ ತಗೊಂಡ ಬೀಜ ಇಟ್ಕೋಬಾರ್ದು. ನೀವು ಗಾಲಿ ತಂದ ಮ್ಯಾಲ ಮತ್ತ ಹೊಸಾದು ಕಟ್ತಿದ್ದೆ. ಮೊದಲ ಒಂದ ಕಟ್ಟಿದ್ದೆ. ಅಷ್ಟಕ್ಕ ತಡೀಲಿಲ್ಲ ಅಂತ ಎರಡ ಕಟ್ಟಿದೆ. ಕಡೀಕ ಮೂರು.”

ಕಲೆ ಯಾಕೆ ಪ್ರತಿ ಸಲ ದೊಡ್ಡದಾಗುತ್ತಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು. ಒಂದು ಮಾತ್ರ ಉಳಿಯಿತು.

“ಅಷ್ಟ ಜೋರು ಕಣ್ಣು ಯಾರದ್ರಿ ವೈನಿ?”

ಅವರು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು. “ಸಿಟ್ಟಾಗಬಾರ್ದು.”

“ಇಲ್ರಿ.”

“ನಿಮ್ದ.”

ನಾನು ಲೋಟ ಕೆಳಗಿಟ್ಟೆ.

“ಊಟಾ ಬ್ಯಾಡ ಅನಸ್ತೈತಿ ಅಂದ್ರಿ. ಜಮಖಂಡ್ಯಾಗಿಲ್ಲ, ಮುಧೋಳದಾಗಿಲ್ಲ ಅಂದ್ರಿ. ಹಿಂದಿನ ಗಾಲಿ ಅಂತ ಬಟ್ಟ ಮಾಡಿ ತೋರಿಸಿದ್ರಿ. ಅದ ಗಾಲಿ ಕುಂತಿತು. ನಾ ಏನ್ ತಿಳಕೋಬೇಕ್ರಿ?”

ಊರೆಲ್ಲರ ಮೇಲೆ ಸಂಶಯ ಇಟ್ಟುಕೊಂಡು ತಿರುಗಿದವನು ನಾನು. ನನ್ನ ಮೇಲೆ ಒಬ್ಬರು ಮೊದಲ ದಿನದಿಂದ ಸಂಶಯ ಇಟ್ಟಿದ್ದರು, ಅದೂ ಮೂರು ಬೀಜದಷ್ಟು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ದಾರಿ ನನ್ನ ದಾರಿಯೇ ಆಗಿತ್ತು. ಯಾಕೆ ಸೋರಿತು, ಯಾರು ಹತ್ತಿರ ಬಂದಿದ್ದರು, ಮುಂದಿನ ಸಲ ಹೇಗೆ ತಡೆಯಬೇಕು.

“ಇವರಿಗೆ ಹೇಳಬ್ಯಾಡ್ರಿ,” ಎಂದರು. “ಗಾಡಿ ನಿಂತ ದಿನದಿಂದ ಮಗ್ಗ ಬಿಟ್ಟು ಹೊರಗ ಬಂದಿಲ್ಲ. ನನ್ನ ಕೈಯಿಂದನ ಕೀಲಿ ಹೋತು ಅಂತ ಗೊತ್ತಾದ್ರ ಏನೂ ಅನ್ನಂಗಿಲ್ಲ ಅವರು. ಏನರ ಅಂದ್ರ ತಡೀತೇನಿ. ಅನ್ನದಿದ್ರ ತಡ್ಯಾಕ ಆ‌ಗಂಗಿಲ್ಲ.”

ಬೀಜ ಕಟ್ಟಬೇಡಿ ಎಂದು ನಾನು ಹೇಳಲಿಲ್ಲ. ಹೇಳಿದರೆ ಕಟ್ಟುವುದು ನಿಲ್ಲುತ್ತಿರಲಿಲ್ಲ, ನನಗೆ ತಿಳಿಯದ ಜಾಗಕ್ಕೆ ಹೋಗುತ್ತಿತ್ತು. ಹಿಂದಿನ ನಂಬರ್ ಪ್ಲೇಟಿನ ಬೆನ್ನಿಗೆ ಒಂದು ಕಬ್ಬಿಣದ ಬಳೆ ಬಿಗಿದೆ. ಗಾಲಿಗೆ ಹತ್ತಿರ, ರಬ್ಬರಿಗೆ ದೂರ, ಮಲ್ಲಪ್ಪಣ್ಣನ ಕಣ್ಣಿಗೆ ಬೀಳದ ಜಾಗ. “ಎಷ್ಟ ಬೇಕಾದ್ರೂ ಇಲ್ಲಿ ಕಟ್ರಿ,” ಎಂದು ತೋರಿಸಿದೆ. ಗಾಲಿಗೆ ಈ ಸಲ ನಟ್ಟು ಹಾಕಿ ಬಿಗಿಯುವ ಗಿಡ್ಡ ಹಿತ್ತಾಳೆ ವಾಲ್ವ್ ಕೂಡಿಸಿದೆ. ಅದರ ಬುಡದಲ್ಲಿ ದಾರ ಕಟ್ಟಲು ಕುತ್ತಿಗೆಯೇ ಇಲ್ಲ. ನಂಬಿಕೆ ಬೇರೆ, ಎಚ್ಚರಿಕೆ ಬೇರೆ.

ಅಷ್ಟರಲ್ಲಿ ಈರಣ್ಣ ಬಂದ. ಮಗ್ಗ ನಿಲ್ಲಿಸಿ ಮಲ್ಲಪ್ಪಣ್ಣನೂ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದು ನಿಂತ.

“ಕಾರಣ ಸಿಕ್ತೇನ್ರಿ ಕಾಕಾ?” ಎಂದ ಈರಣ್ಣ.

ಮೂವರೂ ನನ್ನ ಮುಖ ನೋಡುತ್ತಿದ್ದರು.

“ಸಿಕ್ತು,” ಎಂದೆ. “ಇಲ್ಲಿ ರಬ್ಬರ್ ವಾಲ್ವ್ ಹಾಕಬಾರದಿತ್ತು. ಹಿತ್ತಾಳಿದು ಹಾಕೇನಿ. ಇನ್ನ ಕೂರಂಗಿಲ್ಲ.”

“ಅಂದ್ರ ತಪ್ಪು ನಿಮ್ದ?”

“ನಂದ.”

“ಮೂರ ಸಲ ಆಗೂತನಾ ಗೊತ್ತಾಗಲಿಲ್ಲೇನ್ರಿ?”

ಇಷ್ಟು ವರ್ಷದ ಕೆಲಸದಲ್ಲಿ ಯಾವ ಗಿರಾಕಿಗೂ ಹೇಳದ ಮಾತು ಅಂದು ಹೇಳಿದೆ. “ಗೊತ್ತಾಗಲಿಲ್ಲ.”

ಮಲ್ಲಪ್ಪಣ್ಣ ಮಗನ ಕಡೆ ಕೈ ಚಾಚಿದ. ಈರಣ್ಣ ಇನ್ನೂ ಒಂದು ಕ್ಷಣ ಗಾಲಿ ನೋಡಿದ. “ಇವತ್ತು ನಾ ಹಿಂದಿಂದ ಬರ್ತೇನಿ, ನೋಡಾಕ,” ಎಂದು ಹೇಳಿ ಕೀಲಿ ಕೊಟ್ಟ.

ನಾನು ಗಾಲಿಯನ್ನು ಗಾಡಿಗೆ ಹಾಕಿ, ಹವಾ ತುಂಬಿ ಕೊನೆಯ ಪರೀಕ್ಷೆಗೆ ಬಗ್ಗಿದೆ. ಆಗ ವೈನಿ ನನ್ನ ಬೆನ್ನ ಹಿಂದೆ ಬಂದು, ನನಗಷ್ಟೇ ಕೇಳುವಂತೆ ಹೇಳಿದರು, “ಒಮ್ಮೆ ಉಗಳಿಬಿಡ್ರಿ. ಕಣ್ಣ ಹಾಕಿದವರ ಉಗಳಿದ್ರ ದೃಷ್ಟಿ ಹೋಗತೈತಿ.”

ಉಸ್ತಾದರು ನೆನಪಾದರು. ತೋರುಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಎಳೆದೆ. ವೈನಿ ನನ್ನ ಬಾಯಿ ನೋಡುತ್ತಿದ್ದರು, ನಾನು ಪೊರೆ ನೋಡುತ್ತಿದ್ದೆ. ಗುಳ್ಳೆ ಏಳಲಿಲ್ಲ.

ಮಲ್ಲಪ್ಪಣ್ಣ ಬಲಗಾಲಿನಿಂದ ಕಿಕ್ ಹೊಡೆದ. ಸ್ಕೂಟರು ಓಣಿ ದಾಟಿತು, ಈರಣ್ಣನ ಮೋಟರ್‌ಸೈಕಲ್ ಹಿಂದೆ ಹೋಯಿತು. ನಾನು ಸಾಮಾನು ಚೀಲಕ್ಕೆ ತುಂಬುತ್ತಿದ್ದೆ. ಒಳಗಿನಿಂದ ಚಹಾ ಬಂತು. ಒಂದು ಸಲ ಮೂಸಿ ನೋಡಿ ಕುಡಿದೆ.

ಅವತ್ತಿನಿಂದ ಆ ಗಾಲಿ ಕೂತಿಲ್ಲ. ಮಲ್ಲಪ್ಪಣ್ಣ ಸೀರೆ ಗಂಟು ಇಟ್ಟುಕೊಂಡು ಜಮಖಂಡಿಗೆ ಬಂದಾಗೆಲ್ಲ ನನ್ನ ಮನೆಯ ಮುಂದೆ ನಿಂತು ಹಾರ್ನ್ ಹೊಡೆಯುತ್ತಾನೆ. ನಾನು ಕೋಲು ಊರಿಕೊಂಡು ಹೊರಗೆ ಬರುತ್ತೇನೆ.

“ಹೆಂಗೈತಿ ಗಾಡಿ?” ಎಂದು ಕೇಳುತ್ತಾನೆ. ಮೊನ್ನೆ ಹೊಸ ಬಣ್ಣ ಹೊಡೆಸಿಕೊಂಡು ಬಂದಿದ್ದ. ಕಣ್ಣು ಕೀಳಲಾಗದಷ್ಟು ಚೆಂದ ಇತ್ತು.

ಕಣ್ಣು ತಾಗುತ್ತದೆ ಎಂದು ನಾನು ನಂಬುವುದಿಲ್ಲ. ತಾಗುವುದಿಲ್ಲ ಎಂದೂ ನಂಬುವುದಿಲ್ಲ.

“ಏನ್ ಛಲೋ ಇಲ್ಲ ಬಿಡು,” ಎಂದೆ. “ಹವಾ ನೋಡಸ್ಕೋ, ಹೋಗು.”